ಹತ್ತಿಗಾಗಿ ಹಾಸಿದ ಹಳಿ, ಜನರು ಹತ್ತಿದ ಗಾಡಿ

(ಮುಂಬಯಿಯ ಚರ್ಚಗೇಟ–ವಿರಾರ ಮಾರ್ಗವನ್ನು ಕುರಿತು ಒಂದು ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ಈ ವಾಚನಾಲಯದ ಚಾಲಕರು ನಮ್ಮನ್ನು ಕರೆಯಲು ಬಂದಾಗ ವಿಷಯದ ಆಯ್ಕೆಯನ್ನು ನಮಗೇ ಬಿಟ್ಟಿದ್ದರು. ವಕೀಲನಿಗೆ ವಿಷಯವನ್ನು ಬಿಟ್ಟುಕೊಡುವದು ಧೈರ್ಯದ ಕೆಲಸವೇ ಸರಿ. ಆದರೆ ನಾವು ವಿಷಯವನ್ನು ಹುಡುಕುವ ಶ್ರಮವನ್ನು ತೆಗೆದುಕೊಳ್ಳಬೇಕಾಗಲಿಲ್ಲ. ಹೋದ ತಿಂಗಳು ನಮ್ಮ ಮನೆಯ ಜಗುಲಿಯ ಮೇಲೆ ಕುಳಿತು ಮಾತನಾಡುತ್ತಿದ್ದ ಒಬ್ಬ ಮಾಸ್ತರರು, "ಏನೇ ಹೇಳಿರಿ, ಇಂಗ್ಲಿಷರು ಹೋಗುವಾಗ ರೇಲ್ವೆಯನ್ನಾದರೂ ಬಿಟ್ಟುಹೋದರಲ್ಲ" ಎಂದರು. ಆ ಮಾತಿಗೆ ಆ ಹೊತ್ತಿನಲ್ಲಿ ನಾವು ಕೊಟ್ಟ ಉತ್ತರವು ನಮಗೇ ತೃಪ್ತಿಕರವಾಗಿರಲಿಲ್ಲ. ಬಿಟ್ಟುಹೋದರೆಂಬದು ನಿಜ, ಯಾರ ದುಡ್ಡಿನಿಂದ, ಯಾರಿಗಾಗಿ ಮಾಡಿದ್ದನ್ನು ಬಿಟ್ಟುಹೋದರು, ಅದನ್ನು ನಾವು ಆಮೇಲೆ ಏನು ಮಾಡಿಕೊಂಡೆವು, ಎಂಬ ಪ್ರಶ್ನೆಗಳು ಉಳಿದೇ ಇದ್ದವು. ಇಡೀ ಹಿಂದುಸ್ಥಾನದ ರೇಲ್ವೆಯ ಚರಿತ್ರೆಯನ್ನು ಒಂದು ಸಾಯಂಕಾಲದಲ್ಲಿ ಹೇಳುವದು ಅಸಾಧ್ಯ. ಆದುದರಿಂದ ಒಂದೇ ಮಾರ್ಗವನ್ನು ಎತ್ತಿಕೊಂಡಿದ್ದೇವೆ. ಮುಂಬಯಿಯ ಚರ್ಚಗೇಟಿನಿಂದ ವಿರಾರದ ವರೆಗೆ ೬೦ ಕಿಲೋಮೀಟರುಗಳ ಆ ಉಪನಗರದ ಮಾರ್ಗ.

ಮುಂಬಯಿಯ ಕಥೆ ನಮಗೇಕೆ ಎಂದು ಯಾರೂ ಕೇಳಲಾರರೆಂದು ನಂಬಿದ್ದೇವೆ. ೧೯೫೬ರ ವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಈ ನಾಲ್ಕು ಜಿಲ್ಲೆಗಳೂ ಮುಂಬಯಿ ಸರಕಾರದ ಆಡಳಿತದಲ್ಲಿಯೇ ಇದ್ದವು. ನಮ್ಮ ವೃತ್ತಿಯ ಹಿರಿಯರು ಅಪೀಲಿನ ಕಾಗದಗಳನ್ನು ಟ್ರಂಕಿನಲ್ಲಿ ಹೊತ್ತು ಮುಂಬಯಿ ಹೈಕೋರ್ಟಿಗೆ ಹೋಗಿಬರುತ್ತಿದ್ದರು. ಅಲ್ಲಿಂದ ಚರ್ಚಗೇಟಿನ ನಿಲ್ದಾಣವು ಕೆಲವು ನಿಮಿಷಗಳ ನಡಿಗೆ. ಇನ್ನು ಇಂದಿನ ಮಾತೆಂದರೆ, ಈ ಸಭೆಯಲ್ಲಿ ಕುಳಿತವರೊಳಗೆ ಮಗನೋ, ಅಳಿಯನೋ, ತಮ್ಮನೋ ಆ ಗಾಡಿಯಲ್ಲಿ ನಿತ್ಯ ಓಡಾಡದ ಮನೆಯವರು ಎಷ್ಟು ಜನ ಸಿಗುವರೋ ನೋಡಬೇಕು.

ಹಿಂದುಸ್ಥಾನದ ಮೊದಲನೆಯ ಪ್ರಯಾಣಿಕರ ಉಗಿಬಂಡಿಯು ೧೮೫೩ನೆಯ ಏಪ್ರಿಲ್ ೧೬ರಂದು ಬೋರಿಬಂದರದಿಂದ ಠಾಣೆಗೆ ಓಡಿದ್ದನ್ನು ಮಕ್ಕಳೆಲ್ಲರೂ ಬಲ್ಲರು. ೨೧ ಮೈಲುಗಳ ಪ್ರಯಾಣ, ೧೪ ಡಬ್ಬಿಗಳು, ಸುಮಾರು ೪೦೦ ಮಂದಿ ಆಮಂತ್ರಿತರು, ೨೧ ತೋಪುಗಳ ವಂದನೆ. ಅದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯ ಮಾರ್ಗ. ಇಂದು ಮಧ್ಯ ರೇಲ್ವೆಯೆನಿಸಿದ್ದು. ನಾವು ಹೇಳಹೊರಟಿರುವದು ಅದರ ತಂಗಿಯ ಕಥೆಯನ್ನು. ಪಶ್ಚಿಮದ ಸಮುದ್ರದಂಡೆಯನ್ನು ಹಿಡಿದು ಗುಜರಾಥದ ಕಡೆಗೆ ಹೋಗುವ ಬಾಂಬೆ, ಬರೋಡಾ ಆ್ಯಂಡ್ ಸೆಂಟ್ರಲ್ ಇಂಡಿಯಾ ಕಂಪನಿಯ ಮಾರ್ಗವದು. ಹೆಸರು ಉದ್ದವಾದುದರಿಂದ ಜನರು ಬಿ. ಬಿ. ಸಿ. ಐ. ಎನ್ನುತ್ತಿದ್ದರು.

ಈ ಕಂಪನಿಯು ೧೮೫೫ರಲ್ಲಿ ಹುಟ್ಟಿತು. ಅದರ ಹುಟ್ಟಿನಲ್ಲಿ ಮುಂಬಯಿಯ ನಿವಾಸಿಯ ಯೋಚನೆಯು ಲೇಶಮಾತ್ರವೂ ಇರಲಿಲ್ಲ. ಲ್ಯಾಂಕಾಶೈರಿನ ಗಿರಣಿಗಳಿಗೆ ಹತ್ತಿ ಬೇಕಾಗಿತ್ತು, ಹತ್ತಿಯು ಗುಜರಾಥದ ಕಪ್ಪುನೆಲದಲ್ಲಿ ಬೆಳೆಯುತ್ತಿತ್ತು, ಬಂದರವು ಮುಂಬಯಿಯಲ್ಲಿತ್ತು. ಗವರ್ನರ್ ಜನರಲ್ ಡಾಲ್‌ಹೌಸಿಯು ೧೮೫೩ರಲ್ಲಿ ರೇಲ್ವೆಯನ್ನು ಕುರಿತು ಬರೆದ ಟಿಪ್ಪಣಿಯಲ್ಲಿ ಸೈನ್ಯದ ಸಾಗಣೆಯ ಜೊತೆಗೆ ಇಂಗ್ಲೆಂಡಿನ ಹತ್ತಿಯ ಅವಶ್ಯಕತೆಯನ್ನೂ ಮುಚ್ಚುಮರೆಯಿಲ್ಲದೆ ಹೇಳಿದ್ದನು. ಕಂಬಿಯನ್ನು ಮೊದಲು ಹಾಕಿದ್ದು ಎಲ್ಲಿ ಎಂಬದನ್ನು ನೋಡಿದರೂ ಉದ್ದೇಶವು ತಾನಾಗಿ ತೋರಿಬರುತ್ತದೆ. ೧೮೬೦ರಲ್ಲಿ ತೆರೆದ ಮೊದಲನೆಯ ತುಂಡು ಮುಂಬಯಿಯ ಹತ್ತಿರದ್ದಲ್ಲ, ಸುರತ ಮತ್ತು ಅಂಕಲೇಶ್ವರಗಳ ನಡುವಿನದು. ಹತ್ತಿಯಿರುವಲ್ಲಿಂದ ಹೊರಟ ಹಳಿಯು ಬಂದರವನ್ನು ಅರಸುತ್ತ ದಕ್ಷಿಣಕ್ಕೆ ಇಳಿದು, ವಸಯಿಯ ಖಾಡಿಗೆ ಕಬ್ಬಿಣದ ಸೇತುವೆಗಳನ್ನು ಕಟ್ಟಿಕೊಂಡು, ೧೮೬೪ನೆಯ ನವೆಂಬರ್ ೨೮ರಂದು ಮುಂಬಯಿಯ ಗ್ರಾಂಟ್ ರೋಡನ್ನು ಮುಟ್ಟಿತು.

ಬಂಡವಲದ ಮಾತನ್ನು ತುಸು ಬಿಡಿಸಿ ಹೇಳಬೇಕು, ಏಕೆಂದರೆ ಮಾಸ್ತರರ ಪ್ರಶ್ನೆಗೆ ಉತ್ತರದ ಅರ್ಧಭಾಗವು ಇದರಲ್ಲಿಯೇ ಇದೆ. ಲಂಡನ್ನಿನಲ್ಲಿ ಶೇರು ಕೊಂಡವರಿಗೆ ನೂರಕ್ಕೆ ೫ರಂತೆ ಬಡ್ಡಿಯನ್ನು ಸರಕಾರವೇ ಖಾತರಿ ಮಾಡಿಕೊಟ್ಟಿತ್ತು. ನೆಲವನ್ನು ಸರಕಾರವು ಪುಕ್ಕಟೆಯಾಗಿ ಕೊಟ್ಟಿತು. ಗಾಡಿ ಓಡಿ ಲಾಭ ಬಂದರೆ ಶೇರುದಾರನಿಗೆ ಸಂತೋಷ. ಬಾರದಿದ್ದರೂ ನೂರಕ್ಕೆ ೫ ತಪ್ಪುತ್ತಿರಲಿಲ್ಲ. ಕಡಿಮೆ ಬಿದ್ದುದನ್ನು ತುಂಬಿಕೊಟ್ಟದ್ದು ಹಿಂದುಸ್ಥಾನದ ಬೊಕ್ಕಸ. ಬೊಕ್ಕಸವೆಂದರೆ ರೈತನ ಕಂದಾಯ ಮತ್ತು ಉಪ್ಪಿನ ಕರ. ವ್ಯವಹಾರದಲ್ಲಿ ನಷ್ಟದ ಭಯವೇ ಇಲ್ಲದವನು ಖರ್ಚಿನಲ್ಲಿ ಹಿಡಿತವನ್ನು ಏಕೆ ಇಟ್ಟುಕೊಂಡಾನು? ದಾದಾಭಾಯಿ ನವರೋಜಿಯವರೂ ರಮೇಶಚಂದ್ರ ದತ್ತರೂ ಈ ಪದ್ಧತಿಯನ್ನು ತೀವ್ರವಾಗಿ ಖಂಡಿಸಿದ್ದು ಇದಕ್ಕಾಗಿಯೇ. ಇಷ್ಟಾದ ಮೇಲೆ ೧೯೦೫ರಲ್ಲಿ ಸರಕಾರವು ಆ ಬಿ. ಬಿ. ಸಿ. ಐ. ಮಾರ್ಗವನ್ನು ಕಂಪನಿಯಿಂದ ಕ್ರಯಕ್ಕೆ ಕೊಂಡಿತು. ಬಡ್ಡಿಯನ್ನು ಕೊಟ್ಟು, ನೆಲವನ್ನು ಕೊಟ್ಟು, ಕೊನೆಗೆ ಬೆಲೆಯನ್ನೂ ಕೊಟ್ಟು ಪಡೆದ ವಸ್ತುವನ್ನು ದಾನವೆಂದು ಕರೆಯುವದು ನಮ್ಮ ಕಾಯಿದೆಯ ಭಾಷೆಯಲ್ಲಂತೂ ಸಾಧ್ಯವಿಲ್ಲ. ಕೊಂಡ ಮೇಲೆಯೂ ಆಡಳಿತವು ಕಂಪನಿಯ ಕೈಯಲ್ಲಿಯೇ ಉಳಿದು, ೧೯೪೨ರಲ್ಲಿ ಮಾತ್ರ ಸರಕಾರದ ಕೈಗೆ ಬಂತು.

ಗ್ರಾಂಟ್ ರೋಡಿಗೆ ಬಂದು ನಿಂತ ಹಳಿಯು ಅಲ್ಲಿಯೇ ಸುಮ್ಮನಿರಲಿಲ್ಲ. ಹತ್ತಿಯ ಪೇಟೆಯು ೧೮೪೪ರಿಂದ ಕೊಲಾಬಾದಲ್ಲಿತ್ತು. ಅದನ್ನು ಕಾಟನ್ ಗ್ರೀನ್ ಎನ್ನುತ್ತಿದ್ದರು. ನಮ್ಮ ಧಾರವಾಡ ಸೀಮೆಯ ಹತ್ತಿಯೂ ಸಮುದ್ರದ ದಾರಿಯಿಂದ ಮುಂಬಯಿಯ ಆ ಪೇಟೆಗೇ ಹೋಗುತ್ತಿತ್ತು. ೧೮೪೦ರ ದಶಕದಲ್ಲಿ ಅಮೇರಿಕದ ಬೀಜವನ್ನು ಧಾರವಾಡ ಜಿಲ್ಲೆಯಲ್ಲಿ ಬಿತ್ತಿಸಿದ ಮೇಲೆ ಅದಕ್ಕೆ 'ಧಾರವಾಡ ಅಮೇರಿಕನ್' ಎಂಬ ಹೆಸರೇ ಬಿದ್ದಿತು. ಚಕ್ಕಡಿಗಳಲ್ಲಿ ಘಟ್ಟವಿಳಿದು ಕುಮಠೆಯಲ್ಲಿ ಹಡಗನ್ನೇರಿದ ದೇಶೀ ಹತ್ತಿಯು ಲಿವರ್‌ಪೂಲಿನ ಪೇಟೆಯಲ್ಲಿಯೂ 'ಕುಮಠಾ' ಎಂದೇ ಮಾರುತ್ತಿತ್ತು. ಬೆಳೆದವನ ಊರಿನ ಹೆಸರು ಅಳಿದು ಹಡಗು ಹತ್ತಿಸಿದ ಬಂದರದ ಹೆಸರು ಉಳಿಯುವದು ವ್ಯಾಪಾರದ ರೀತಿಯೇ ಆಗಿದೆ.

೧೮೬೧ರಿಂದ ೧೮೬೫ರ ವರೆಗೆ ಅಮೇರಿಕದಲ್ಲಿ ಅಂತರ್ಯುದ್ಧವು ನಡೆದು ಅಲ್ಲಿಯ ಹತ್ತಿಯು ಇಂಗ್ಲೆಂಡಿಗೆ ಬಾರದಂತಾದಾಗ ಮುಂಬಯಿಗೆ ಹಣದ ಹೊಳೆಯೇ ಹರಿದುಬಂತು. ಹಣ ಬಂದಾಗ ಬುದ್ಧಿಯು ಹೋಗುವದುಂಟು. ಬ್ಯಾಕ್ ಬೇ ಎಂಬ ಪಶ್ಚಿಮದ ಕೊಲ್ಲಿಯಲ್ಲಿ ಸಮುದ್ರವನ್ನು ತುಂಬಿ ನೆಲ ಮಾಡುವೆವೆಂದು ಒಂದು ಕಂಪನಿಯು ಎದ್ದಿತು. ಅದರ ಶೇರುಗಳಿಗೆ ಜನರು ಮುಗಿಬಿದ್ದರು. ಯುದ್ಧವು ನಿಂತ ಸುದ್ದಿಯೊಡನೆ ಹತ್ತಿಯ ದರವು ಕುಸಿದು, ಶೇರುಗಳು ಕಾಗದವಾಗಿ, ಕಂಪನಿಯು ಮುಳುಗಿಹೋಯಿತು. ಆ ಮುಳುಗಿದ ಸಾಹಸದಿಂದ ಉಳಿದದ್ದು ದಂಡೆಗುಂಟ ತುಂಬಿದ ಒಂದು ಕಿರಿದಾದ ನೆಲದ ಪಟ್ಟಿ. ರೇಲ್ವೆಗೆ ಅದೇ ದಾರಿಯಾಯಿತು. ೧೮೭೦ರಲ್ಲಿ ಚರ್ಚಗೇಟಿನಲ್ಲಿ ನಿಲ್ದಾಣವಾಯಿತು, ೧೮೭೩ರಲ್ಲಿ ಹಳಿಯು ಕೊಲಾಬಾಕ್ಕೆ, ಹತ್ತಿಯ ಪೇಟೆಯ ಬಾಗಿಲಿಗೆ, ಮುಟ್ಟಿತು.

ಈ ಹತ್ತಿಯ ಗದ್ದಲದ ನಡುವೆ, ಯಾರೂ ತೋಪು ಹಾರಿಸದೆ, ನಮ್ಮ ಇಂದಿನ ವಿಷಯವು ಹುಟ್ಟಿತು. ೧೮೬೭ನೆಯ ಏಪ್ರಿಲ್ ೧೨ರಂದು ವಿರಾರದಿಂದ ಮುಂಜಾನೆ ಹೊರಟು ಬ್ಯಾಕ್ ಬೇ ನಿಲ್ದಾಣಕ್ಕೆ ಬಂದು, ಸಂಜೆಗೆ ಮರಳಿಹೋಗುವ ಒಂದು ಗಾಡಿಯನ್ನು ಕಂಪನಿಯು ಓಡಿಸಲಾರಂಭಿಸಿತು. ದಿನಕ್ಕೆ ಹೋಗಲು ಒಂದು, ಬರಲು ಒಂದು. ಅಷ್ಟೇ. ಉಪನಗರದ ಗಾಡಿಯೆಂಬ ದೊಡ್ಡ ವೃಕ್ಷಕ್ಕೆ ಬೀಜವು ಇದೇ. ಮುಂಜಾನೆ ಬಂದು ಸಂಜೆಗೆ ಮರಳುವ ಆ ವೇಳಾಪಟ್ಟಿಯನ್ನು ನೋಡಿರಿ. ಊರ ಹೊರಗೆ ವಾಸಿಸಿ ಊರೊಳಗೆ ದುಡಿಯುವ ಒಂದು ಹೊಸ ಬಗೆಯ ಮನುಷ್ಯನನ್ನು ಅದು ಆಗಲೇ ಕಲ್ಪಿಸಿಕೊಂಡಿದೆ.

ಆ ಕಾಲದ ಅಂಧೇರಿ, ಮಲಾಡ, ಬೋರಿವಲಿಗಳು ಭತ್ತದ ಗದ್ದೆ, ತಾಳೆಯ ತೋಪು, ಕಲ್ಲಿನ ಗಣಿಗಳ ಹಳ್ಳಿಗಳು. ಮುಂಬಯಿಯ ಕೋಟೆಯ ಗೋಡೆಗಳನ್ನು ೧೮೬೦ರ ದಶಕದಲ್ಲಿ ಕೆಡವಿದ ಮೇಲೆ ಎದ್ದ ದೊಡ್ಡ ದೊಡ್ಡ ಸರಕಾರಿ ಕಟ್ಟಡಗಳ ಹಳದಿಯ ಕಲ್ಲು ಮಲಾಡಿನದು. ನಿಲ್ದಾಣಗಳ ಹೆಸರುಗಳಲ್ಲಿ ಹಳೆಯ ಊರು ಇನ್ನೂ ಅಡಗಿದೆ. ಚರ್ಚಗೇಟೆಂದರೆ ಕೋಟೆಯಿಂದ ಸೇಂಟ್ ಥಾಮಸರ ಇಗರ್ಜಿಯ ಕಡೆಗಿದ್ದ ಬಾಗಿಲು; ಬಾಗಿಲೂ ಇಲ್ಲ, ಕೋಟೆಯೂ ಇಲ್ಲ, ಹೆಸರು ಮಾತ್ರ ದಿನಕ್ಕೆ ಲಕ್ಷ ಬಾರಿ ಕೂಗಲ್ಪಡುತ್ತದೆ. ಮರೀನ್ ಲೈನ್ಸ್ ಎಂದರೆ ಸಮುದ್ರದಂಡೆಯೆಂದು ನಾವು ಬಹುಕಾಲ ತಿಳಿದಿದ್ದೆವು. ಅದು ಮರೀನ್ ಬೆಟಾಲಿಯನ್ನಿನ ಸಿಪಾಯಿಗಳ ವಸತಿಯ ಸಾಲಂತೆ. ಚರ್ನಿ ರೋಡಿನ ಹೆಸರು ದನಗಳ ಚರಣಿಯಿಂದ ಬಂದದ್ದೆಂದು ಹೇಳುವರು. ಸರಕಾರವು ಮೇವಿನ ಮೇಲೆ ಕರ ಹಾಕಿದಾಗ ಜಮ್ಶೇಟಜೀ ಜೀಜೀಭಾಯಿಯವರು ತಮ್ಮ ಹಣದಿಂದ ಹುಲ್ಲುಗಾವಲನ್ನು ಕೊಂಡು ಬಡವರ ದನಗಳಿಗೆ ಬಿಟ್ಟುಕೊಟ್ಟರೆಂಬ ಕಥೆಯು ಅಲ್ಲಿ ಪ್ರಸಿದ್ಧವಾಗಿದೆ.

ಉಪನಗರವು ನಿಜವಾಗಿ ಬೆಳೆಯಲಾರಂಭಿಸಿದ್ದು ಭಯದಿಂದ. ೧೮೯೬ರಲ್ಲಿ ಮಾಂಡವಿಯ ಇಕ್ಕಟ್ಟಾದ ಚಾಳುಗಳಲ್ಲಿ ಪ್ಲೇಗು ಕಾಣಿಸಿಕೊಂಡಾಗ ಜನರು ಮುಂಬಯಿಯನ್ನು ಬಿಟ್ಟು ಓಡಿದರು. ೧೮೯೮ರಲ್ಲಿ ಸ್ಥಾಪಿತವಾದ ಇಂಪ್ರೂವಮೆಂಟ್ ಟ್ರಸ್ಟು ಹಳೆಯ ಕೇರಿಗಳನ್ನು ಕೆಡವಿ ಉತ್ತರಕ್ಕೆ ದಾದರ, ಮಾಟುಂಗಾಗಳಲ್ಲಿ ಹೊಸ ಬಡಾವಣೆಗಳನ್ನು ಹಾಕಿತು. ಅನುಕೂಲವಿದ್ದವರು ಮಾಹಿಮದ ಖಾಡಿಯನ್ನು ದಾಟಿ ಬಾಂದ್ರಾ, ಸಾಂತಾಕ್ರೂಜ, ಪಾರ್ಲೆಗಳಲ್ಲಿ ಗಾಳಿಯುಳ್ಳ ಮನೆಗಳನ್ನು ಕಟ್ಟಿಕೊಂಡರು. ೧೯೨೦ರಲ್ಲಿ ಸಾಷ್ಟಿಯ ಈ ಭಾಗವನ್ನೆಲ್ಲ ಕೂಡಿಸಿ ಮುಂಬಯಿ ಉಪನಗರ ಜಿಲ್ಲೆಯೆಂದು ಬೇರೆ ಮಾಡಲಾಯಿತು. ರೇಲ್ವೆಯು ಹೋದಲ್ಲಿಗೆ ಊರು ಹೋಯಿತು. ಊರು ಹೋದಲ್ಲಿ ಮತ್ತೆ ನಿಲ್ದಾಣವು ಬೇಕಾಯಿತು. ಖಾರ ನಿಲ್ದಾಣವು ೧೯೨೪ರಲ್ಲಿ ಹುಟ್ಟಿದ್ದು ಹೀಗೆಯೇ.

ಮುಂದಿನ ದೊಡ್ಡ ಹೆಜ್ಜೆಯು ವಿದ್ಯುಚ್ಛಕ್ತಿಯದು. ೧೯೨೫ನೆಯ ಫೆಬ್ರವರಿ ೩ರಂದು ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲೆಗೆ ಹಿಂದುಸ್ಥಾನದ ಮೊದಲನೆಯ ವಿದ್ಯುತ್ ಗಾಡಿಯು ಓಡಿತು. ನಮ್ಮ ಮಾರ್ಗಕ್ಕೆ ಅದು ೧೯೨೮ನೆಯ ಜನೇವರಿ ೫ರಂದು ಬಂತು, ಕೊಲಾಬಾದಿಂದ ಬೋರಿವಲಿಯ ವರೆಗೆ, ವಿರಾರಕ್ಕೆ ೧೯೩೬ರಲ್ಲಿ. ಉಗಿಯ ಎಂಜಿನ್ನು ನಿಂತಲ್ಲಿಂದ ವೇಗ ಹಿಡಿಯಲು ತಡಮಾಡುತ್ತದೆ, ಕೊನೆಯ ನಿಲ್ದಾಣದಲ್ಲಿ ಅದನ್ನು ಬಿಚ್ಚಿ ಇನ್ನೊಂದು ತುದಿಗೆ ಕಟ್ಟಬೇಕು. ವಿದ್ಯುತ್ ಗಾಡಿಗೆ ಎರಡೂ ತುದಿಗೆ ಚಾಲಕನ ಕೋಣೆ. ಅವನು ಈ ತುದಿಯಿಂದ ಆ ತುದಿಗೆ ನಡೆದುಹೋದರೆ ಗಾಡಿಯು ತಿರುಗಿದಂತೆಯೇ. ಮೈಲಿಗೊಂದು ನಿಲ್ದಾಣವಿರುವ ಮಾರ್ಗದಲ್ಲಿ ಈ ಅನುಕೂಲವು ಎಷ್ಟು ದೊಡ್ಡದೆಂಬದನ್ನು ವಿವರಿಸಬೇಕಾಗಿಲ್ಲ. ಒಂದರ ಬೆನ್ನಿಗೆ ಒಂದು ಗಾಡಿಯನ್ನು ಬಿಡುವದು ಅಂದಿನಿಂದ ಸಾಧ್ಯವಾಯಿತು.

ಅದೇ ದಶಕದಲ್ಲಿ ಬ್ಯಾಕ್ ಬೇಯ ಹಳೆಯ ಹುಚ್ಚು ಮತ್ತೆ ಮರಳಿತು, ಈ ಸಲ ಸರಕಾರದ ವೇಷದಲ್ಲಿ. ಗವರ್ನರ್ ಲಾಯ್ಡನ ಕಾಲದ ಡೆವಲಪಮೆಂಟ್ ಇಲಾಖೆಯು ಕೊಲ್ಲಿಯನ್ನು ತುಂಬಲು ಹೊರಟು, ಹಣವನ್ನು ಸಮುದ್ರಕ್ಕೆ ಸುರಿದು, ಯೋಜನೆಯನ್ನು ಅರ್ಧಕ್ಕೆ ಬಿಟ್ಟಿತು. ನ್ಯಾಯವಾದಿಗಳಾದ ಖುರ್ಶೇದ ನರೀಮನ್ನರು ಈ ದುಂದನ್ನು ಬಯಲಿಗೆಳೆದರು. ಹಾರ್ವೆಯೆಂಬ ಅಧಿಕಾರಿಯು ಅವರ ಮೇಲೆ ಮಾನಹಾನಿಯ ಖಟ್ಲೆ ಹೂಡಿದಾಗ, ಅದರಲ್ಲಿ ನರೀಮನ್ನರು ನಿರ್ದೋಷಿಗಳೆಂದು ತೀರ್ಪಾಯಿತು. ಇಂದಿನ ನರೀಮನ್ ಪಾಯಿಂಟು ಅವರ ಹೆಸರನ್ನು ಹೊತ್ತಿದೆ. ಅವರು ಯಾವ ತುಂಬಿದ ನೆಲವನ್ನು ಪ್ರಶ್ನಿಸಿದರೋ ಅಂಥ ನೆಲಕ್ಕೇ ಅವರ ಹೆಸರು ಅಂಟಿಕೊಂಡದ್ದು ಒಂದು ಚೋದ್ಯವೇ. ಈ ಯೋಜನೆಯ ಫಲವಾಗಿ ಚರ್ಚಗೇಟಿನ ಆಚೆಯ ಹಳಿಯನ್ನು ಕಿತ್ತರು. ೧೯೩೦ನೆಯ ಡಿಸೆಂಬರದಲ್ಲಿ ದೂರದ ಗಾಡಿಗಳಿಗಾಗಿ ಬಾಂಬೆ ಸೆಂಟ್ರಲ್ ನಿಲ್ದಾಣವು ತೆರೆಯಿತು. ಅದೇ ತಿಂಗಳ ೩೧ರಂದು ಕೊಲಾಬಾ ನಿಲ್ದಾಣವು ಮುಚ್ಚಿತು. ಹತ್ತಿಯ ಪೇಟೆಯು ಆ ಮೊದಲೇ ಶಿವಡಿಯ ಕಡೆಗೆ ಸಾಗಿಹೋಗಿತ್ತು. ಯಾವುದಕ್ಕಾಗಿ ಈ ಹಳಿಯು ಸುರತದಿಂದ ಇಷ್ಟು ದೂರ ಬಂದಿತ್ತೋ ಆ ಹತ್ತಿಯು ಇಳಿದುಹೋಯಿತು. ಗಾಡಿಯಲ್ಲಿ ಉಳಿದವರು ಜನರು. ಕೊಲಾಬಾದ ನೆರೆಯ ಕಫ್ ಪರೇಡಿಗೆ ಮತ್ತೆ ರೇಲು ಬರಲು ೨೦೨೫ರ ಅಕ್ಟೋಬರದ ವರೆಗೆ ಕಾಯಬೇಕಾಯಿತು, ಅದೂ ನೆಲದೊಳಗಿನ ಮೆಟ್ರೋದ ರೂಪದಲ್ಲಿ.

ಹೀಗೆ ಉಳಿದ ಜನರೊಳಗೆ ನಮ್ಮವರೂ ಇದ್ದರು. ಕರಾವಳಿಯಿಂದ ಹೋಟೆಲಿನ ಕೆಲಸಕ್ಕೆಂದು ಹೋದ ಹುಡುಗರು ಹಗಲು ಬಟ್ಟಲು ತೊಳೆದು ರಾತ್ರಿಯ ಶಾಲೆಯಲ್ಲಿ ಓದಿ ಮುಂದೆ ಬಂದರು. ೧೯೨೬ರಲ್ಲಿ ಮೈಸೂರು ಅಸೋಸಿಯೇಷನ್ನೂ ೧೯೩೩ರಲ್ಲಿ ಕರ್ನಾಟಕ ಸಂಘವೂ ಮುಂಬಯಿಯಲ್ಲಿ ಹುಟ್ಟಿದವು. ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರವು ಮಾಟುಂಗಾ ರೋಡ್ ನಿಲ್ದಾಣದಿಂದ ಹತ್ತಿರವೇ. ಯಶವಂತ ಚಿತ್ತಾಲರು ಬಾಂದ್ರಾದಲ್ಲಿ ಕುಳಿತು ಹನೇಹಳ್ಳಿಯನ್ನು ಬರೆದರು. ಸಂಜೆಯ ಕನ್ನಡದ ಸಭೆಗಳು ಅಲ್ಲಿ ಎಷ್ಟೇ ರಂಗೇರಿದ್ದರೂ ಕೊನೆಯ ಗಾಡಿಯ ವೇಳೆಯಾಯಿತೆಂದು ಮುಗಿಯುವದನ್ನು ನಾವು ಕಣ್ಣಾರೆ ಕಂಡಿದ್ದೇವೆ. ನಮ್ಮ ಊರಿನ ಭಾಷಣಗಳಿಗೂ ಅಂಥದೊಂದು ಗಾಡಿಯಿದ್ದರೆ ಕೇಳುವವರಿಗೆ ಹಿತವಾಗುತ್ತಿತ್ತೋ ಏನೋ.

ಸ್ವಾತಂತ್ರ್ಯವು ಬಂದು, ೧೯೫೧ನೆಯ ನವೆಂಬರ್ ೫ರಂದು ಬಿ. ಬಿ. ಸಿ. ಐ. ಎಂಬ ಹೆಸರು ಹೋಗಿ ಪಶ್ಚಿಮ ರೇಲ್ವೆಯಾಯಿತು. ಆಮೇಲಿನ ಕಥೆಯು ಒಂದೇ ಮಾತಿನದು: ಗಾಡಿಯು ಉದ್ದವಾಯಿತು, ಜನರು ಅದಕ್ಕಿಂತ ಹೆಚ್ಚಾದರು. ೧೯೮೬ರಲ್ಲಿ ೧೨ ಡಬ್ಬಿಗಳ ಗಾಡಿ ಬಂತು, ೨೦೦೯ರಲ್ಲಿ ೧೫ ಡಬ್ಬಿಗಳದು. ೧೯೯೨ರಲ್ಲಿ ಹೆಂಗಸರಿಗಾಗಿಯೇ ಒಂದು ಪೂರ್ತಿ ಗಾಡಿಯನ್ನು ಬಿಟ್ಟರು. ೧೮೬೭ರಲ್ಲಿ ಹೋಗಲು ಒಂದು, ಬರಲು ಒಂದು ಎಂದಿದ್ದ ಮಾರ್ಗದಲ್ಲಿ ಈಗ ದಿನಕ್ಕೆ ೧೩೦೦ಕ್ಕೂ ಹೆಚ್ಚು ಓಟಗಳಿವೆ. ೨೦೦೬ನೆಯ ಜುಲೈ ೧೧ರ ಸಂಜೆ ಏಳು ಬಾಂಬುಗಳು ಇದೇ ಮಾರ್ಗದ ಗಾಡಿಗಳಲ್ಲಿ ಸಿಡಿದು ೧೮೦ಕ್ಕೂ ಹೆಚ್ಚು ಜನರು ಸತ್ತರು. ಮರುದಿನ ಬೆಳಗ್ಗೆ ಜನರು ಅದೇ ಕಟ್ಟೆಯ ಮೇಲೆ ನಿಂತಿದ್ದರು. ಇದನ್ನು ಮುಂಬಯಿಯ ಧೈರ್ಯವೆಂದು ಪತ್ರಿಕೆಗಳು ಹೊಗಳಿದವು. ಬೇರೆ ದಾರಿಯಿಲ್ಲದವನ ನಡಿಗೆಯನ್ನು ಧೈರ್ಯವೆಂದು ಹೊಗಳುವದರಲ್ಲಿ ನಮಗೆ ಅಷ್ಟು ಉತ್ಸಾಹವಿಲ್ಲ.

ನಾವು ಒಮ್ಮೆ ಬೋರಿವಲಿಯಲ್ಲಿ ಆಪ್ತರೊಬ್ಬರ ಮನೆಯಲ್ಲಿ ಇಳಿದುಕೊಂಡಿದ್ದೆವು. ಬೆಳಗ್ಗೆ ಎಂಟರ ಗಾಡಿಗೆ ಅವರೊಡನೆ ಹೊರಟೆವು. ಗಾಡಿಯು ನಿಲ್ಲುವ ಮೊದಲೇ ಜನರು ಅದರೊಳಗೆ ಹಾರಿದರು. ನಿಂತಾಗ ನಮಗೆ ಕಾಲಿಡಲು ಸ್ಥಳವಿರಲಿಲ್ಲ. ಮೂರನೆಯ ಗಾಡಿಯಲ್ಲಿ ನಮ್ಮನ್ನು ಯಾರೋ ಬೆನ್ನ ಹಿಂದಿನಿಂದ ತಳ್ಳಿ ಒಳಗೆ ಹಾಕಿದರು. ನಮ್ಮ ಆಪ್ತರು ಬಾಗಿಲ ಕಂಬವನ್ನು ಹಿಡಿದು, ಅರ್ಧ ದೇಹವನ್ನು ಹೊರಗಿಟ್ಟು, ಅಂಧೇರಿಯ ವರೆಗೆ ಬಂದರು. ಐವತ್ತೆರಡು ವರ್ಷದ ಲೆಕ್ಕಪತ್ರದ ಗುಮಾಸ್ತರವರು, ಮನೆಯಲ್ಲಿ ಹೆಂಡತಿ ಹಾಲಿಗೆ ಕಳುಹಿಸಿದರೆ ಮೆಟ್ಟಲನ್ನು ನೋಡಿಕೊಂಡು ಇಳಿಯುವವರು. ಅಂಥವರು ಇಪ್ಪತ್ತೆಂಟು ವರ್ಷಗಳಿಂದ ಹೀಗೆಯೇ ಹೋಗುತ್ತಿದ್ದೇನೆ ಎಂದಾಗ ನಮಗೆ ಮಾತು ಹೊರಡಲಿಲ್ಲ.

ಸ್ಥಳವಿಲ್ಲದಿರುವದು ಗಾಡಿಯಲ್ಲಷ್ಟೇ ಅಲ್ಲ. ಪರೇಲ ಮತ್ತು ಲೋವರ್ ಪರೇಲಗಳ ಸುತ್ತಲಿನ ಭಾಗವು ಗಿರಣಗಾಂವ್, ಅಂದರೆ ಗಿರಣಿಗಳ ಊರು. ಅಲ್ಲಿಯ ಕಾಮಗಾರರು ಗಿರಣಿಯ ಮಗ್ಗುಲಲ್ಲಿಯೇ ಚಾಳುಗಳಲ್ಲಿ ಇರುತ್ತಿದ್ದರು, ನಡೆದು ಕೆಲಸಕ್ಕೆ ಹೋಗುತ್ತಿದ್ದರು. ೧೯೮೨ನೆಯ ಜನೇವರಿಯಲ್ಲಿ ದತ್ತಾ ಸಾಮಂತರ ನಾಯಕತ್ವದಲ್ಲಿ ಆರಂಭವಾದ ದೊಡ್ಡ ಮುಷ್ಕರದ ತರುವಾಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆ ನೆಲದಲ್ಲಿ ಗಾಜಿನ ಕಚೇರಿಗಳೂ ಅಂಗಡಿಯ ಮಾಳಿಗೆಗಳೂ ಎದ್ದವು. ನಡೆದು ಬರುವವರು ಹೋಗಿ, ವಿರಾರದಿಂದಲೂ ಕಲ್ಯಾಣದಿಂದಲೂ ಗಾಡಿಯಲ್ಲಿ ಬರುವವರು ಬಂದರು. ಕಟ್ಟಡಗಳಿಗೆ ಪರವಾನಗಿ ಕೊಟ್ಟವರು ಇಷ್ಟು ಜನರು ಯಾವ ಮೆಟ್ಟಲುಗಳನ್ನು ಇಳಿದು ಬರುವರೆಂಬದನ್ನು ಎಣಿಸಲಿಲ್ಲ. ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣವನ್ನು ಮಧ್ಯ ರೇಲ್ವೆಯ ಪರೇಲಿಗೆ ಜೋಡಿಸುವ ಕಾಲುಸೇತುವೆಯು ಇಕ್ಕಟ್ಟಾಗಿದೆಯೆಂದು ಪ್ರಯಾಣಿಕರು ಮೊದಲಿನಿಂದಲೂ ದೂರುತ್ತಿದ್ದರು. ೨೦೧೭ನೆಯ ಸೆಪ್ಟೆಂಬರ್ ೨೯ರ ಬೆಳಗ್ಗೆ ಮಳೆಯು ಬಂತು. ಇಳಿದವರು ಮಳೆಗೆ ಅಂಜಿ ಸೇತುವೆಯ ಮೇಲೆಯೇ ನಿಂತರು. ಹಿಂದಿನಿಂದ ಗಾಡಿಗಳು ಇನ್ನಷ್ಟು ಜನರನ್ನು ತಂದು ಸುರಿದವು. ಮೆಟ್ಟಲಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ೨೩ ಜನರು ಸತ್ತರು. ಗಾಡಿಯು ಹಳಿ ತಪ್ಪಲಿಲ್ಲ, ಸೇತುವೆಯು ಮುರಿಯಲಿಲ್ಲ. ಮನುಷ್ಯರು ಮನುಷ್ಯರ ಭಾರದಿಂದ ಸತ್ತರು. ಆಮೇಲೆ ಸೈನ್ಯವನ್ನು ಕರೆಸಿ ಐದು ತಿಂಗಳೊಳಗಾಗಿ, ೨೦೧೮ರ ಫೆಬ್ರವರಿಯಲ್ಲಿ, ಹೊಸ ಸೇತುವೆಯನ್ನು ತೆರೆದರು. ಐದು ತಿಂಗಳಲ್ಲಿ ಆಗುವ ಕೆಲಸವಾಗಿತ್ತೆಂಬದೇ ನಮ್ಮನ್ನು ಹೆಚ್ಚಾಗಿ ಕಾಡುವದು. ಅದೇ ವರ್ಷದ ಜುಲೈಯಲ್ಲಿ ನಿಲ್ದಾಣದ ಹೆಸರನ್ನು ಪ್ರಭಾದೇವಿಯೆಂದು ಬದಲಿಸಿದರು.

ಇದು ಒಂದು ದಿನದ ಸಾವು, ಪತ್ರಿಕೆಯಲ್ಲಿ ಬಂತು. ಪತ್ರಿಕೆಯಲ್ಲಿ ಬಾರದ ಸಾವುಗಳು ಬೇರೆ. ಮುಂಬಯಿಯ ಎಲ್ಲ ಉಪನಗರ ಮಾರ್ಗಗಳನ್ನು ಕೂಡಿಸಿದರೆ ಹಳಿಯ ಮೇಲೆ ಸತ್ತವರು ೨೦೨೩ರಲ್ಲಿ ೨,೫೦೦ಕ್ಕೂ ಹೆಚ್ಚು. ಅದಕ್ಕೆ ಹಿಂದಿನ ದಶಕದಲ್ಲಿ ವರ್ಷಕ್ಕೆ ಮೂರು ಸಾವಿರವನ್ನು ಮೀರಿದ್ದೂ ಉಂಟು. ಹೆಚ್ಚಿನವರು ಹಳಿಯನ್ನು ದಾಟುವಾಗ ಸಾಯುತ್ತಾರೆ, ಉಳಿದವರಲ್ಲಿ ಬಹಳ ಮಂದಿ ಬಾಗಿಲಿನಿಂದ ಬಿದ್ದು. ಬಾಗಿಲು ತಾನಾಗಿ ಮ��ಚ್ಚಿಕೊಳ್ಳುವ ತಂಪುಗಾಡಿಯು ೨೦೧೭ನೆಯ ಡಿಸೆಂಬರ್ ೨೫ರಂದು ಇದೇ ಮಾರ್ಗದಲ್ಲಿ ಮೊದಲು ಓಡಿತು. ಆದರೆ ಅದರ ದರವು ಸಾಮಾನ್ಯ ಗಾಡಿಗಿಂತ ಬಹಳ ಹೆಚ್ಚು. ಮುಚ್ಚಿದ ಬಾಗಿಲಿಗೆ ಬೇರೆ ದರ, ತೆರೆದ ಬಾಗಿಲಿಗೆ ಬೇರೆ ದರ ಎಂಬಂತಾಗಿದೆ.

ಇಲ್ಲಿಗೆ ನಾವು ನಮ್ಮ ಕಸುಬಿನ ಮಾತಿಗೆ ಬಂದೆವು. ಕ್ಷಮಿಸಬೇಕು, ಇದನ್ನು ಹೇಳದೆ ಹೋದರೆ ಇಂದಿನ ಭಾಷಣವು ಬರಿಯ ಕಥೆಯಾದೀತು.

ಗಾಡಿಗೆ ಗಾಡಿ ಬಡಿದು ಸತ್ತವನಿಗೆ ಪರಿಹಾರವುಂಟೆಂಬದು ಹಳೆಯ ಮಾತು. ಗಾಡಿಯಿಂದ ಜಾರಿಬಿದ್ದವನಿಗೆ ಮಾತ್ರ ಬಹುಕಾಲ ಅಂಥ ನೇರವಾದ ದಾರಿಯಿರಲಿಲ್ಲ. ರೇಲ್ವೆಯ ತಪ್ಪನ್ನು ಅವನ ವಿಧವೆಯು ದಿವಾಣಿ ಕೋರ್ಟಿನಲ್ಲಿ ರುಜುಪಡಿಸಬೇಕಾಗಿತ್ತು. ೧೯೮೯ರ ರೇಲ್ವೆ ಕಾಯಿದೆಗೆ ೧೯೯೪ರಲ್ಲಿ ೧೨೪-ಎ ಎಂಬ ಕಲಮನ್ನು ಸೇರಿಸಿದ ಮೇಲೆ, ಪ್ರಯಾಣಿಕನು ಗಾಡಿಯಿಂದ ಆಕಸ್ಮಿಕವಾಗಿ ಬಿದ್ದರೆ ತಪ್ಪು ಯಾರದೆಂದು ಕೇಳದೆಯೇ ರೇಲ್ವೆಯು ಪರಿಹಾರವನ್ನು ಕೊಡಬೇಕು. ಆತ್ಮಹತ್ಯೆ, ತಾನೇ ಮಾಡಿಕೊಂಡ ಗಾಯ, ತನ್ನ ಅಪರಾಧದ ಕೃತ್ಯ, ಅಮಲು ಅಥವಾ ಬುದ್ಧಿಭ್ರಮಣೆ, ರೋಗ ಈ ಕಾರಣಗಳಿದ್ದರೆ ಮಾತ್ರ ಇಲ್ಲ. ಬಾಗಿಲಲ್ಲಿ ನಿಂತದ್ದೇ ಅವನ ತಪ್ಪು, ತಾನೇ ಮಾಡಿಕೊಂಡ ಗಾಯ, ಎಂದು ರೇಲ್ವೆಯ ಪರವಾಗಿ ವಾದಿಸುವದು ವಾಡಿಕೆಯಾಗಿತ್ತು. ೨೦೧೮ರಲ್ಲಿ ರೀನಾ ದೇವಿಯ ಖಟ್ಲೆಯಲ್ಲಿ ಸುಪ್ರೀಮ್ ಕೋರ್ಟು ಆ ವಾದವನ್ನು ತಳ್ಳಿಹಾಕಿತು. ಹತ್ತುವಾಗ ಇಳಿಯುವಾಗ ಬಿದ್ದರೂ ಪರಿಹಾರವುಂಟು, ಅಜಾಗ್ರತೆಯು ತಾನೇ ಮಾಡಿಕೊಂಡ ಗಾಯವಲ್ಲ, ಶವದ ಬಳಿ ಟಿಕೀಟು ಸಿಗಲಿಲ್ಲವೆಂಬ ಮಾತ್ರಕ್ಕೆ ಅವನು ಪ್ರಯಾಣಿಕನಲ್ಲವೆನ್ನಲಾಗದು ಎಂದಿತು. ಸಾವಿನ ಪರಿಹಾರವು ೨೦೧೭ರ ಜನೇವರಿಯಿಂದ ೪ ಲಕ್ಷದ ಬದಲು ೮ ಲಕ್ಷ ರೂಪಾಯಿಗಳಾಗಿದೆ.

ಹಳಿಯನ್ನು ದಾಟುವಾಗ ಸತ್ತವನ ಮಾತು ಬೇರೆ. ಕಾಯಿದೆಯ ಕಣ್ಣಿಗೆ ಅವನು ಪ್ರಯಾಣಿಕನಲ್ಲ, ಅತಿಕ್ರಮಣ ಮಾಡಿದವನು. ೧೪೭ನೆಯ ಕಲಮಿನಂತೆ ಬದುಕಿದ್ದರೆ ದಂಡ ತೆರಬೇಕಾದವನು. ಅವನು ದಾಟುವದು ಸೇತುವೆಯು ದೂರವಿರುವದರಿಂದ, ಅಥವಾ ಸೇತುವೆಯ ಮೇಲೆ ಕಾಲಿಡಲು ಸ್ಥಳವಿಲ್ಲದುದರಿಂದ. ಎಲ್ಫಿನ್‌ಸ್ಟನ್ ರೋಡಿನ ಮೆಟ್ಟಲನ್ನು ಕಂಡವನು ಹಳಿಯನ್ನು ದಾಟಿದವನನ್ನು ಅಪರಾಧಿಯೆಂದು ಸುಲಭವಾಗಿ ಕರೆಯಲಾರನು. ಈ ಕಲಮು ಬದಲಾಗಬೇಕೆಂದು ನಾವು ಎಲ್ಲಿ ಅವಕಾಶ ಸಿಕ್ಕರೂ ಹೇಳುತ್ತ ಬಂದಿದ್ದೇವೆ, ಇಲ್ಲಿಯೂ ಹೇಳುತ್ತೇವೆ.

ಉಪಾಧ್ಯಾಯ ಬಂಧುಗಳಲ್ಲಿ ನಮ್ಮದೊಂದು ವಿನಂತಿಯಿದೆ, ಏಕೆಂದರೆ ಹಳ್ಳಿಯಲ್ಲಿ ಕಾಗದ ಬಂದರೆ ಮೊದಲು ಓದಿಸುವದು ನಿಮ್ಮಿಂದಲೇ. ಪರಿಹಾರದ ಅರ್ಜಿಯನ್ನು ರೇಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್ಲಿಗೆ ಅಪಘಾತವಾದ ದಿನದಿಂದ ಒಂದು ವರ್ಷದೊಳಗಾಗಿ ಸಲ್ಲಿಸಬೇಕು. ತಡವಾದರೆ ತಕ್ಕ ಕಾರಣವನ್ನು ತೋರಿಸಿ ಕ್ಷಮೆಯನ್ನು ಕೇಳಬಹುದಾದರೂ ಅದು ಇನ್ನೊಂದು ಹೋರಾಟವೇ ಆಗುತ್ತದೆ. ಮೂರು ವರ್ಷಗಳ ಹಿಂದೆ ಒಬ್ಬ ತಾಯಿಯು ನಮ್ಮಲ್ಲಿಗೆ ಬಂದಳು. ಅವಳ ಮಗನು ಹೋಟೆಲಿನಲ್ಲಿ ಕೆಲಸಕ್ಕಿದ್ದು ನಾಲಾಸೋಪಾರಾದ ಹತ್ತಿರ ಗಾಡಿಯಿಂದ ಬಿದ್ದು ಸತ್ತು ಎರಡು ವರ್ಷವಾಗಿತ್ತು. ಶವವನ್ನು ತಂದ ಗೆಳೆಯರು ಕೊಟ್ಟ ಒಂದು ಚೀಲವನ್ನು ಅವಳು ಬಿಚ್ಚಿರಲೇ ಇಲ್ಲ. ನಮ್ಮ ಎದುರಿಗೆ ಬಿಚ್ಚಿದಾಗ ಅಂಗಿಯ ಕಿಸೆಯಲ್ಲಿ ಮಾಸಿಕ ಪಾಸು ಇತ್ತು, ಅವಧಿಯು ಮುಗಿಯಲು ಇನ್ನೂ ಹನ್ನೊಂದು ದಿನಗಳಿದ್ದವು. ಆ ಅರ್ಜಿಯು ತಡವಾದುದನ್ನು ಮನ್ನಿಸಬೇಕೆಂಬ ವಿಚಾರಣೆಯಲ್ಲಿಯೇ ಇನ್ನೂ ನಿಂತಿದೆ.

ಆದುದರಿಂದ, ಅಂಥ ಸುದ್ದಿಯು ಯಾವ ಮನೆಗೆ ಬಂದರೂ ಪಾಸು ಅಥವಾ ಟಿಕೀಟನ್ನು ಎಸೆಯಬಾರದು. ಸ್ಟೇಷನ್ ಮಾಸ್ತರರ ವರದಿ, ಪೋಲೀಸರ ಪಂಚನಾಮೆ, ಮರಣೋತ್ತರ ಪರೀಕ್ಷೆಯ ಕಾಗದ ಈ ಮೂರರ ನಕಲುಗಳನ್ನು ಅಲ್ಲಿದ್ದಾಗಲೇ ಕೇಳಿ ಪಡೆಯಬೇಕು. ಇದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ತಂದಿದ್ದೇವೆ. ವಾಚನಾಲಯದ ಗೋಡೆಗೆ ಅಂಟಿಸಲು ಚಾಲಕರು ಒಪ್ಪಿದ್ದಾರೆ, ಶಾಲೆಗಳಿಗೆ ಬೇಕಾದವರಿಗಾಗಿ ನಲವತ್ತು ಪ್ರತಿಗಳು ಬಾಗಿಲ ಬಳಿಯ ಮೇಜಿನ ಮೇಲಿವೆ. ಯಾರ ಮನೆಯಲ್ಲಿಯಾದರೂ ಅಂಥ ಕಾಗದಗಳಿದ್ದರೆ ಸಭೆಯು ಮುಗಿದ ಮೇಲೆ ತೋರಿಸಬಹುದು. ದೀಪ ಆರಿಸುವ ವರೆಗೆ ನಾವು ಇಲ್ಲಿಯೇ ಇರುತ್ತೇವೆ.